ವಿದ್ಯುತ್ ಕಡಿತದಿಂದ ಕೆಟ್ಟ ಡಿಸ್ಕ್: ಫೈಲುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಗಾಳಿಮಳೆಯ ದಿನಗಳು ಶುರುವಾದ ಮೇಲೆ ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಹೇಳುತ್ತವೆ: ಕರೆಂಟ್ ಹೋಯಿತು, ಮತ್ತೆ ಬಂದಾಗ ಡಿಸ್ಕಿನಲ್ಲಿದ್ದುದು ಕಾಣಿಸಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಇಳಕಲ್ಲಿನ ಪತ್ರಕ್ಕೆ ವಿವರವಾಗಿ ಉತ್ತರಿಸಿದ್ದು, ಉಳಿದವರೂ ತಮ್ಮ ಉತ್ತರಕ್ಕಿಂತ ಮೊದಲು ಅದನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದು ಸೀರೆ ನೇಯಿಸಿ ಮಾರುವ ಮನೆತನದ ವ್ಯಾಪಾರ. ಅಂಗಡಿಯ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಟ್ಯಾಲಿಯ ಲೆಕ್ಕಪತ್ರಗಳೂ, ತಂದೆಯವರ ಕಾಲದಿಂದ ಕೂಡಿಟ್ಟ ದಡಿ ಮತ್ತು ಸೆರಗಿನ ನಮೂನೆಗಳ ಫೋಟೊಗಳೂ ಇದ್ದವು. ಕಳೆದ ವಾರ ಸಂಜೆ ಜೋರಾಗಿ ಗಾಳಿ ಬೀಸಿದಾಗ ಕರೆಂಟ್ ಹೋಗಿ, ಬಂದು, ಮತ್ತೆ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದಾದ್ದರಿಂದ ಎರಡೂ ಸಲ ಕಂಪ್ಯೂಟರ್ ತಟ್ಟನೆ ಬಂದಾಯಿತು. ಮರುದಿನ ವಿಂಡೋಸ್ ಸರಿಯಾಗಿಯೇ ಶುರುವಾಯಿತು; ಆದರೆ ಡಿ ಡ್ರೈವ್ ತೆರೆಯಹೋದರೆ, ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು ಎಂದು ಹೇಳುತ್ತದೆ. ಒಬ್ಬ ರಿಪೇರಿಯವರು ವಿಂಡೋಸಿನ ಡಿಸ್ಕ್ ತಪಾಸಣೆಯ ಸಾಧನವಾದ ಚೆಕ್‌ಡಿಸ್ಕ್ ಓಡಿಸಿ ಎನ್ನುತ್ತಾರೆ. ಇನ್ನೊಬ್ಬರು ಫಾರ್ಮ್ಯಾಟ್ ಮಾಡಿ, ಆಮೇಲೆ ಸಾಫ್ಟ್‌ವೇರಿನಿಂದ ಎಲ್ಲ ತೆಗೆಯೋಣ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಕಂಪ್ಯೂಟರನ್ನು ಬಂದ್ ಮಾಡಿ, ಆ ಹಾರ್ಡ್ ಡಿಸ್ಕನ್ನು ಬಿಚ್ಚಿ ಹೊರತೆಗೆಯಿರಿ. ನಿಮ್ಮ ಫೈಲುಗಳು ಅದರಲ್ಲಿ ಬಹುಪಾಲು ಇದ್ದಲ್ಲೇ ಇರುವ ಸಾಧ್ಯತೆ ಹೆಚ್ಚು; ಅವು ನಿಜವಾಗಿ ಅಳಿಯುವುದು ಸಾಮಾನ್ಯವಾಗಿ ಕರೆಂಟ್ ಹೋದಾಗ ಅಲ್ಲ, ಅದಾದ ಮೇಲೆ ನಾವು ಗಾಬರಿಯಲ್ಲಿ ಮಾಡುವ ರಿಪೇರಿಯಿಂದ.

ಡಿಸ್ಕಿನಲ್ಲಿ ಫೈಲಿನ ಒಡಲು ಬೇರೆ, ಅದು ಎಲ್ಲಿದೆ ಎಂದು ಹೇಳುವ ದಾಖಲೆ ಬೇರೆ. ಕಚೇರಿಯಲ್ಲಿ ಉತಾರದ ಪುಟ ಹರಿದುಹೋದರೆ ಹೊಲ ಇದ್ದಲ್ಲೇ ಇರುತ್ತದೆ, ಆದರೆ ಯಾವ ಸರ್ವೆ ನಂಬರು ಯಾರದು, ಅದರ ಚೆಕ್‌ಬಂದಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ತಿಳಿಯದಾಗುತ್ತದೆ; ನಿಮ್ಮ ಡಿ ಡ್ರೈವಿಗೆ ಆಗಿರುವುದೂ ಅದೇ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಲ್ಲಿ, ಈ ದಾಖಲೆಯ ಹೆಸರು ಮಾಸ್ಟರ್ ಫೈಲ್ ಟೇಬಲ್. ಅದರಲ್ಲಿ ಪ್ರತಿ ಫೈಲಿಗೂ ಸಾಮಾನ್ಯವಾಗಿ 1024 ಬೈಟುಗಳ ಒಂದು ನಮೂದು ಇರುತ್ತದೆ. ಫೈಲಿನ ಹೆಸರು, ತಾರೀಖು, ಗಾತ್ರ ಮತ್ತು ಅದರ ತುಣುಕುಗಳು ಡಿಸ್ಕಿನ ಯಾವ ಯಾವ ಜಾಗದಲ್ಲಿವೆ ಎಂಬುದೆಲ್ಲ ಅಲ್ಲಿಯೇ ಬರೆದಿರುತ್ತದೆ. ಈ ಟೇಬಲ್ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವುದು ಡಿಸ್ಕಿನಲ್ಲಿ ಡಿ ಡ್ರೈವಿಗೆ ಮೀಸಲಾದ ಭಾಗದ ಮೊದಲನೆಯ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದುವ ಅತಿ ಚಿಕ್ಕ ತುಣುಕು), ಅಂದರೆ ಬೂಟ್ ಸೆಕ್ಟರ್. ಇವೆರಡರಲ್ಲಿ ಯಾವುದಾದರೊಂದನ್ನು ಓದಲಾಗದಿದ್ದರೂ ವಿಂಡೋಸ್ ಇಡೀ ಭಾಗವನ್ನು 'ರಾ' ಎಂದು ಕರೆದು, ಖಾಲಿ ಡಿಸ್ಕಿಗೆ ಕೇಳುವ ಹಾಗೆಯೇ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಆ ಕಿಟಕಿಯಲ್ಲಿ ಯಾವಾಗಲೂ 'ಕ್ಯಾನ್ಸಲ್' ಎನ್ನಬೇಕು.

ಕರೆಂಟ್ ಹೋದರೆ ಈ ದಾಖಲೆ ಏಕೆ ಕೆಡುತ್ತದೆ? ನೀವು ಒಂದು ಫೈಲನ್ನು ಉಳಿಸಿದಾಗ ಅದು ಮೊದಲು ಕಂಪ್ಯೂಟರಿನ ಮೆಮೊರಿಯಲ್ಲಿ, ಆಮೇಲೆ ಡಿಸ್ಕಿನೊಳಗಿನ ಚಿಕ್ಕ ಕ್ಯಾಶ್ ಮೆಮೊರಿಯಲ್ಲಿ ಕೆಲ ಹೊತ್ತು ತಂಗಿ, ಕೊನೆಗೆ ಡಿಸ್ಕಿನ ತಟ್ಟೆಯ ಮೇಲೆ ಇಳಿಯುತ್ತದೆ. ಈ ಎರಡೂ ಮೆಮೊರಿಗಳು ಕರೆಂಟ್ ಹೋದೊಡನೆ ಬರಿದಾಗುತ್ತವೆ. ಟೇಬಲ್ಲಿನ ನಮೂದು ಇಳಿದು ಫೈಲಿನ ಒಡಲು ಇಳಿಯದಿರಬಹುದು, ಒಡಲು ಇಳಿದು ನಮೂದು ಅರ್ಧಕ್ಕೆ ನಿಂತಿರಬಹುದು. ಇದಕ್ಕೆಂದೇ ಎನ್‌ಟಿಎಫ್‌ಎಸ್ ಒಂದು ದಿನಚರಿಯನ್ನು ಬರೆದುಕೊಳ್ಳುತ್ತದೆ ಮತ್ತು ಮುಂದಿನ ಸಲ ಶುರುವಾದಾಗ ಅದನ್ನು ನೋಡಿ ದಾಖಲೆಯನ್ನು ಹೊಂದಿಸಿಕೊಳ್ಳುತ್ತದೆ. ಆದರೆ ಆ ದಿನಚರಿ ಕಾಯುವುದು ದಾಖಲೆಯನ್ನು ಮಾತ್ರ, ಫೈಲಿನೊಳಗಿನ ಬರಹವನ್ನಲ್ಲ. ನಿಮ್ಮಲ್ಲಿ ಆದ ಹಾಗೆ ಕರೆಂಟ್ ಬಂದು, ಈ ಹೊಂದಾಣಿಕೆ ನಡೆಯುತ್ತಿರುವಾಗಲೇ ಮತ್ತೆ ಹೋದರೆ ಪೆಟ್ಟು ಹೆಚ್ಚು.

ಇನ್ನು ನಿಮಗೆ ಸಿಕ್ಕ ಸಲಹೆಗಳ ವಿಚಾರ. 'ರಾ' ಎಂದು ತೋರಿಸುವ ಡ್ರೈವಿನ ಮೇಲೆ ಚೆಕ್‌ಡಿಸ್ಕ್ ಓಡುವುದೇ ಇಲ್ಲ. ಇಂಥ ಡ್ರೈವಿಗೆ ಈ ಸೌಲಭ್ಯವಿಲ್ಲ ಎಂದು ಹೇಳಿ ನಿಲ್ಲುತ್ತದೆ. ಓಡುವ ಸ್ಥಿತಿಯಲ್ಲಿದ್ದ ಡ್ರೈವಿನಲ್ಲೂ ಅದರ ಕೆಲಸ ದಾಖಲೆಯಲ್ಲಿ ತಾಳೆಯಾಗದ್ದನ್ನು ತೆಗೆದುಹಾಕಿ ಫೈಲ್ ಸಿಸ್ಟಂ ಮತ್ತೆ ನಡೆಯುವಂತೆ ಮಾಡುವುದೇ ಹೊರತು ನಿಮ್ಮ ಫೈಲನ್ನು ಉಳಿಸಿಕೊಡುವುದಲ್ಲ. ಗುರುತು ಸಿಗದ ತುಣುಕುಗಳನ್ನು ಅದು ಬೇರೊಂದು ಫೋಲ್ಡರಿನಲ್ಲಿ ಹೆಸರಿಲ್ಲದ ಫೈಲುಗಳಾಗಿ ಹಾಕಿಡುತ್ತದೆ, ಮತ್ತು ಇದನ್ನೆಲ್ಲ ಪೆಟ್ಟು ತಿಂದ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಒಮ್ಮೆ ಬರೆದ ಮೇಲೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಇರುವುದಿಲ್ಲ. ಎರಡನೆಯ ಸಲಹೆ ಇದಕ್ಕಿಂತ ಅಪಾಯದ್ದು. ಕ್ವಿಕ್ ಫಾರ್ಮ್ಯಾಟ್ ಹೊಸ ಟೇಬಲ್ಲನ್ನು ಬರೆಯುತ್ತದೆ, ಅದು ಹಳೆಯ ಟೇಬಲ್ಲಿನ ಮೇಲೆಯೇ ಬಿದ್ದರೆ ಫೈಲುಗಳ ಹೆಸರು ಮತ್ತು ಜಾಗದ ವಿವರ ಅಷ್ಟರಮಟ್ಟಿಗೆ ಹೋದವು. 'ಕ್ವಿಕ್' ಎಂಬ ಗುರುತು ತಪ್ಪಿ ಪೂರ್ಣ ಫಾರ್ಮ್ಯಾಟ್ ನಡೆದರಂತೂ, ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಭಾಗದ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಆಮೇಲೆ ಯಾವ ಸಾಫ್ಟ್‌ವೇರಿಗೂ ತೆಗೆಯಲು ಏನೂ ಉಳಿದಿರುವುದಿಲ್ಲ.

ನೀವು ಮಾಡಬೇಕಾದ ಮೊದಲ ಕೆಲಸ ಆ ಡಿಸ್ಕಿನ ಪೂರ್ಣ ನಕಲು ತೆಗೆಯುವುದು. ಫೈಲುಗಳನ್ನಲ್ಲ, ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದನ್ನು ಇದ್ದ ಹಾಗೆ. ಅದಕ್ಕೂ ಮುನ್ನ ಡಿಸ್ಕಿಗೆ ಒಮ್ಮೆ ಕರೆಂಟ್ ಕೊಟ್ಟು ಕಿವಿಯಿಟ್ಟು ಕೇಳಿ. ಸಮನಾದ ಸುಯ್ ಎಂಬ ಸದ್ದಿದ್ದರೆ ಸರಿ. ಟಿಕ್ ಟಿಕ್ ಎಂದು ಹೊಡೆದುಕೊಳ್ಳುತ್ತಿದ್ದರೆ, ಅಥವಾ ತಿರುಗಿ ತಿರುಗಿ ನಿಂತುಬಿಡುತ್ತಿದ್ದರೆ ಒಳಗಿನ ಹೆಡ್ಡಿಗೋ ಮೋಟಾರಿಗೋ ಪೆಟ್ಟಾಗಿದೆ ಎಂದರ್ಥ. ಆಗ ಮನೆಯಲ್ಲಿ ಇನ್ನೇನೂ ಮಾಡದೆ, ದೂಳಿಲ್ಲದ ಕೋಣೆಯ ಸೌಕರ್ಯವಿರುವ ಡೇಟಾ ರಿಕವರಿ ಪ್ರಯೋಗಾಲಯಕ್ಕೇ ಕಳಿಸಬೇಕು. ಅಂಗಡಿಯ ಟೇಬಲ್ಲಿನ ಮೇಲೆ ಡಿಸ್ಕಿನ ಮುಚ್ಚಳ ಬಿಚ್ಚಲು ಯಾರಿಗೂ ಬಿಡಬೇಡಿ. ಸದ್ದು ಸರಿಯಿದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡಿರುವ ಸ್ಮಾರ್ಟ್ ವರದಿಯನ್ನು ನೋಡಬೇಕು. ವಿಂಡೋಸಿನಲ್ಲಿ ಇದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ತೋರಿಸುತ್ತದೆ. ಅದರಲ್ಲಿ ಬದಲಾಯಿಸಿದ ಸೆಕ್ಟರುಗಳು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಸರಿಪಡಿಸಲಾಗದ ಸೆಕ್ಟರುಗಳು ಎಂಬ ಮೂರು ಸಾಲುಗಳಿವೆ. ಅವುಗಳಲ್ಲಿ ಸೊನ್ನೆಗಿಂತ ದೊಡ್ಡ ಸಂಖ್ಯೆ ಕಂಡರೆ ಆ ಡಿಸ್ಕಿನ ಆಯುಷ್ಯ ಮುಗಿಯುತ್ತ ಬಂದಿರಬಹುದು ಎಂದು ತಿಳಿದು, ಅದನ್ನು ಆದಷ್ಟು ಕಡಿಮೆ ಸಲ ಓದಬೇಕು.

ನಕಲಿಗೆ ನಾನು ಸೂಚಿಸುವುದು ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ. ಸಿಸ್ಟಂರೆಸ್ಕ್ಯೂ ಎಂಬ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರನ್ನು ಶುರುಮಾಡಿದರೆ ಈ ಸಾಧನ ಅದರಲ್ಲಿ ಸಿದ್ಧವಾಗಿಯೇ ಇರುತ್ತದೆ. ನಿಮ್ಮದು 1 ಟೆರಾಬೈಟಿನ ಡಿಸ್ಕಾದರೆ 2 ಟೆರಾಬೈಟಿನ ಹೊಸ ಡಿಸ್ಕ್ ಕೊಳ್ಳಿರಿ, ಏಕೆಂದರೆ 1 ಟೆರಾಬೈಟಿನ ಪೂರ್ಣ ನಕಲನ್ನು ಫೈಲಾಗಿ ಇಡಲು ಅಷ್ಟೇ ಗಾತ್ರದ, ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಜಾಗ ಸಾಲುವುದಿಲ್ಲ, ಮತ್ತು ಹೊರತೆಗೆದ ಫೈಲುಗಳಿಗೂ ಜಾಗ ಬೇಕು. ಹೊಸ ಡಿಸ್ಕ್ ಫ್ಯಾಟ್32 ಆಗಿರಬಾರದು. ಅದರಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಫೈಲು ನಿಲ್ಲುವುದಿಲ್ಲ. ಆಜ್ಞೆ ಕೊಡುವಾಗ ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂಬುದನ್ನು ಗಾತ್ರ ನೋಡಿ ಊಹಿಸದೆ, ಡಿಸ್ಕಿನ ಲೇಬಲ್ಲಿನ ಮೇಲಿರುವ ಸೀರಿಯಲ್ ನಂಬರನ್ನು ಪರದೆಯ ಮೇಲಿನದರೊಂದಿಗೆ ತಾಳೆ ನೋಡಿ ಖಾತ್ರಿಪಡಿಸಿಕೊಳ್ಳಿ. ಇಲ್ಲಿ ಅದಲು ಬದಲಾದರೆ ಖಾಲಿ ಡಿಸ್ಕ್ ನಿಮ್ಮ ಲೆಕ್ಕಪತ್ರಗಳ ಮೇಲೆ ನಕಲಾಗುತ್ತದೆ.

ಈ ಸಾಧನದ ಹೆಚ್ಚುಗಾರಿಕೆ ಅದು ಕೆಟ್ಟ ಜಾಗವನ್ನು ಎದುರಿಸುವ ರೀತಿಯಲ್ಲಿದೆ. ಓದಲಾಗದ ಸೆಕ್ಟರ್ ಎದುರಾದರೆ ಅಲ್ಲೇ ಗುದ್ದಾಡದೆ, ಅದನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹಾರಿ, ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗಗಳಿಗೆ ಹಿಂತಿರುಗುವುದು ಆಮೇಲೆ. ಎಲ್ಲಿಯವರೆಗೆ ಓದಿದ್ದೇನೆ, ಏನು ಉಳಿದಿದೆ ಎಂಬುದನ್ನು ಅದು ಮ್ಯಾಪ್ ಫೈಲ್ ಎಂಬ ಚಿಕ್ಕ ಫೈಲಿನಲ್ಲಿ ಬರೆಯುತ್ತ ಹೋಗುತ್ತದೆ. ಆ ಫೈಲಿಗೆ ಒಂದು ಹೆಸರು ಕೊಡುವುದನ್ನು ಮರೆಯಬೇಡಿ, ಮತ್ತು ಅದನ್ನು ಪೆನ್‌ಡ್ರೈವ್ ಲಿನಕ್ಸಿನ ತಾತ್ಕಾಲಿಕ ಜಾಗದಲ್ಲಿ ಇಡದೆ ಹೊಸ ಡಿಸ್ಕಿನಲ್ಲೇ ಇಡಿ. ನಕಲು ನಡೆಯುವಾಗ ಕರೆಂಟ್ ಮತ್ತೆ ಹೋದರೂ ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟರೆ ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ಆರೋಗ್ಯವಾದ ಡಿಸ್ಕಾದರೆ ಸೆಕೆಂಡಿಗೆ 100 ಮೆಗಾಬೈಟಿನ ಲೆಕ್ಕದಲ್ಲಿ 1 ಟೆರಾಬೈಟಿಗೆ ಸುಮಾರು ಮೂರು ತಾಸು ಹಿಡಿಯುತ್ತದೆ, ಕೆಟ್ಟ ಸೆಕ್ಟರುಗಳಿದ್ದರೆ ದಿನಗಳೇ ಹಿಡಿಯಬಹುದು. ಪರದೆಯ ಕೆಳಭಾಗದಲ್ಲಿ, ಕೊನೆಯ ಸಲ ಯಶಸ್ವಿಯಾಗಿ ಓದಿ ಎಷ್ಟು ಹೊತ್ತಾಯಿತು ಎಂದು ತೋರಿಸುವ ಒಂದು ಸಾಲಿದೆ. ಆ ಹೊತ್ತು ಸೆಕೆಂಡುಗಳಲ್ಲಿ ಇರುವವರೆಗೆ ಚಿಂತೆಯಿಲ್ಲ. ಅದು ನಿಮಿಷಗಳಾಗಿ ಬೆಳೆಯುತ್ತಲೇ ಹೋದರೆ ಕೆಲಸ ನಿಲ್ಲಿಸಿ, ಡಿಸ್ಕ್ ತಣ್ಣಗಾಗಲು ಬಿಟ್ಟು, ಉಳಿದದ್ದನ್ನು ಆಮೇಲೆ ನೋಡಬೇಕು.

ನಕಲು ಮುಗಿದ ಮೇಲೆ ಮೂಲ ಡಿಸ್ಕನ್ನು ಬಿಚ್ಚಿ ತೆಗೆದಿಡಿ. ಇನ್ನು ಮುಂದಿನದೆಲ್ಲ ನಕಲಿನ ಮೇಲೆ. ಟೆಸ್ಟ್‌ಡಿಸ್ಕ್ ಎಂಬ ಇನ್ನೊಂದು ಉಚಿತ ಸಾಧನದಿಂದ ನಕಲನ್ನು ತೆರೆದು, ಅಡ್ವಾನ್ಸ್ಡ್ ವಿಭಾಗದಲ್ಲಿ ಬೂಟ್ ಎಂಬುದನ್ನು ಆರಿಸಿದರೆ, ಬೂಟ್ ಸೆಕ್ಟರ್ ಮತ್ತು ಅದರ ಪ್ರತಿ ಇವೆರಡರ ಸ್ಥಿತಿಯನ್ನೂ ಅದು ಹೇಳುತ್ತದೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಒಂದು ಪ್ರತಿಯನ್ನು ಆ ಭಾಗದ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಮಾಸ್ಟರ್ ಫೈಲ್ ಟೇಬಲ್ಲಿನ ಮೊದಲ ನಾಲ್ಕು ನಮೂದುಗಳಿಗೂ ಬೇರೆ ಕಡೆ ಒಂದು ಪ್ರತಿ ಇರುತ್ತದೆ. ಮೊದಲನೆಯದು ಕೆಟ್ಟು ಕೊನೆಯದು ಚೆನ್ನಾಗಿದ್ದರೆ, ಆ ಪ್ರತಿಯಿಂದ ಬೂಟ್ ಸೆಕ್ಟರನ್ನು ಮರಳಿ ಬರೆಸಿದ ಮಾತ್ರಕ್ಕೆ ಫೋಲ್ಡರುಗಳೆಲ್ಲ ಹೆಸರುಸಹಿತ ಕಾಣಿಸಿಕೊಳ್ಳುವುದುಂಟು. ಕಂಡೊಡನೆ ಅವುಗಳನ್ನು ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿ. ದುರಸ್ತಿಯಾದ ಅದೇ ಜಾಗದಲ್ಲಿ ವ್ಯವಹಾರ ಮುಂದುವರಿಸಬೇಡಿ.

ಟೇಬಲ್ಲೇ ಹಾಳಾಗಿದ್ದರೆ ಟೆಸ್ಟ್‌ಡಿಸ್ಕಿನ ಜೊತೆಗೇ ಬರುವ ಫೋಟೊರೆಕ್ ಉಳಿದಿದೆ. ಅದು ದಾಖಲೆಯನ್ನು ನೋಡುವುದೇ ಇಲ್ಲ. ಪ್ರತಿಯೊಂದು ಬಗೆಯ ಫೈಲೂ ತನ್ನದೇ ಆದ ಕೆಲವು ಬೈಟುಗಳಿಂದ ಶುರುವಾಗುತ್ತದೆಯಾದ್ದರಿಂದ, ಆ ಆರಂಭವನ್ನು ಡಿಸ್ಕಿನುದ್ದಕ್ಕೂ ಹುಡುಕಿ ಅಲ್ಲಿಂದ ಮುಂದಿನದನ್ನು ಎತ್ತಿಕೊಡುತ್ತದೆ. ನಿಮ್ಮ ದಡಿ, ಸೆರಗುಗಳ ಫೋಟೊಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಆದರೆ ಹೆಸರು, ಫೋಲ್ಡರು ಯಾವುದೂ ಸಿಗುವುದಿಲ್ಲ. ಚಿಕ್ಕಿ ಪರಾಸ್ ಯಾವುದು, ಗೋಮಿ ಯಾವುದು ಎಂದು ನೋಡಿ ಬೇರ್ಪಡಿಸುವುದು ನಿಮ್ಮ ಕಣ್ಣಿನ ಕೆಲಸವೇ. ಕ್ಯಾಮೆರಾ ಅಥವಾ ಮೊಬೈಲಿನಲ್ಲಿ ತೆಗೆದ ಫೋಟೊಗಳಾದರೆ ಅವುಗಳೊಳಗೇ ತಾರೀಖು ಇರುತ್ತದೆ, ಅದರ ಪ್ರಕಾರ ವಿಂಗಡಿಸಬಹುದು.

ಟ್ಯಾಲಿಗೆ ಮಾತ್ರ ಫೋಟೊರೆಕ್ ವಿಧಾನ ನೆಚ್ಚಿಕೊಳ್ಳುವಂಥದ್ದಲ್ಲ. ಟ್ಯಾಲಿ ಪ್ರತಿ ಕಂಪನಿಗೂ 10000 ಎಂಬಂಥ ಅಂಕಿಗಳ ಹೆಸರಿನ ಒಂದು ಫೋಲ್ಡರ್ ಮಾಡಿ, ಅದರೊಳಗೆ ಹಲವು ಫೈಲುಗಳನ್ನು ಇಡುತ್ತದೆ. ಅವೆಲ್ಲ ತಮ್ಮ ತಮ್ಮ ಹೆಸರಿನೊಂದಿಗೆ ಒಟ್ಟಿಗೇ ಸಿಕ್ಕರೆ ಮಾತ್ರ ಉಪಯೋಗ. ಸಿಕ್ಕ ಫೋಲ್ಡರಿನ ಇನ್ನೊಂದು ಪ್ರತಿ ಮಾಡಿಕೊಂಡು, ಟ್ಯಾಲಿಯ ರಿಪೇರಿ ಅಥವಾ ರೀರೈಟನ್ನು ಆ ಪ್ರತಿಯ ಮೇಲೆ ಮಾತ್ರ ಓಡಿಸಿ. ಆಮೇಲೆ ಸಲ್ಲಿಸಿರುವ ಜಿಎಸ್‌ಟಿ ರಿಟರ್ನುಗಳನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಮುಂದಿಟ್ಟುಕೊಂಡು ತಿಂಗಳುವಾರು ತಾಳೆ ನೋಡಿ. ಕರೆಂಟ್ ಹೋದ ದಿನದ ನಮೂದುಗಳು ಇಲ್ಲದಿದ್ದರೆ ಬಿಲ್ ಪುಸ್ತಕದಿಂದ ಹೊಸದಾಗಿ ಹಾಕಿ.

ಕೊನೆಗೆ ಒಂದು ಮಾತು. ಹೊರತೆಗೆದ ಫೈಲುಗಳಲ್ಲಿ ಕೆಲವು ಸರಿಯಾದ ಹೆಸರು, ಸರಿಯಾದ ಗಾತ್ರ ಹೊಂದಿದ್ದರೂ ತೆರೆಯುವುದಿಲ್ಲ. ಅಂಥದ್ದನ್ನು, ಫೈಲಿನ ಬೈಟುಗಳನ್ನು ಇದ್ದ ಹಾಗೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ: ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ 00 00 00 ಎಂದಷ್ಟೇ ಇದ್ದರೆ, ಫೈಲಿನ ಗಾತ್ರ ದಾಖಲೆಯಾಗಿ ಒಡಲು ಇಳಿಯುವ ಮುನ್ನವೇ ಕರೆಂಟ್ ಹೋಗಿದೆ ಎಂದರ್ಥ. ಆ ಫೈಲಿನಲ್ಲಿ ತೆಗೆಯಲು ಏನೂ ಇಲ್ಲ. ಅದನ್ನು ರಿಪೇರಿ ಮಾಡಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಹಳೆಯ ಪ್ರತಿ ಎಲ್ಲಿಯಾದರೂ ಇದೆಯೇ ಎಂದು ಹುಡುಕುವುದರಲ್ಲಿ ಆ ಹೊತ್ತನ್ನು ಕಳೆಯಿರಿ.

ಪ್ರಶ್ನೆ: ಮದುವೆಯ ಫೋಟೊ, ವಿಡಿಯೊಗಳನ್ನು ಕ್ಯಾಮೆರಾ ಕಾರ್ಡಿನಿಂದ ಕಂಪ್ಯೂಟರಿಗೆ ಕಟ್ ಮಾಡಿ ಪೇಸ್ಟ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಈಗ ಅರ್ಧ ಫೋಟೊಗಳು ಕಾರ್ಡಿನಲ್ಲೂ ಇಲ್ಲ, ಕಂಪ್ಯೂಟರಿನಲ್ಲೂ ಇಲ್ಲ. ಮರುದಿನ ಇನ್ನೊಂದು ಕಾರ್ಯಕ್ರಮಕ್ಕೆ ಅದೇ ಕಾರ್ಡ್ ಬೇಕಾಗಿದೆ. — ಸ್ಟುಡಿಯೊ ಮಾಲೀಕ, ಜಮಖಂಡಿ

ಉತ್ತರ: ಆ ಕಾರ್ಡನ್ನು ಕಾರ್ಯಕ್ರಮಕ್ಕೆ ಒಯ್ಯಬೇಡಿ, ಬೇರೆ ಕಾರ್ಡ್ ಕೊಳ್ಳಿ. ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಂಗೆ ದಿನಚರಿ ಇಲ್ಲ, ಆದ್ದರಿಂದ ಅದು ಕರೆಂಟಿನ ಏರುಪೇರಿಗೆ ಬೇಗ ಕೆಡುತ್ತದೆ. ಆದರೆ ಕಟ್ ಆದ ಫೋಟೊದ ನಮೂದು ಮಾತ್ರ ಅಳಿದಿರುತ್ತದೆ, ಹೊಸ ಫೋಟೊ ಅದರ ಮೇಲೆ ಬೀಳುವವರೆಗೆ ಒಡಲು ಉಳಿದಿರುತ್ತದೆ. ಕಾರ್ಡಿನ ಅಂಚಿನಲ್ಲಿರುವ ಬೀಗದ ಕಡ್ಡಿಯನ್ನು ಲಾಕ್ ಕಡೆಗೆ ಸರಿಸಿ, ಅದರ ಪೂರ್ಣ ನಕಲು ತೆಗೆದು, ನಕಲಿನ ಮೇಲೆ ಫೋಟೊರೆಕ್ ಓಡಿಸಿ. ಕಾರ್ಡಿನಲ್ಲಿ ಫೋಟೊಗಳು ಒಂದರ ಹಿಂದೊಂದು ಸಾಲಾಗಿ ಬರೆದಿರುತ್ತವಾದ್ದರಿಂದ ಹೆಚ್ಚಿನವು ಪೂರ್ತಿಯಾಗಿ ಸಿಗಬೇಕು.

ವಿಡಿಯೊ ಸ್ವಲ್ಪ ಕಷ್ಟ. ದೊಡ್ಡ ವಿಡಿಯೊ ತುಣುಕು ತುಣುಕಾಗಿ ಹಂಚಿಹೋಗಿದ್ದರೆ ಫೋಟೊರೆಕ್ ಅದನ್ನು ಸರಿಯಾಗಿ ಜೋಡಿಸಲಾರದು. ಇದಲ್ಲದೆ ಎಂಪಿ4 ವಿಡಿಯೊದ ಯಾವ ಚೌಕಟ್ಟು ಎಲ್ಲಿದೆ ಎಂದು ಹೇಳುವ ಸೂಚಿಯನ್ನು ಹಲವು ಕ್ಯಾಮೆರಾಗಳು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ, ಕೊನೆಯಲ್ಲಿ ಬರೆಯುತ್ತವೆ; ಆ ಭಾಗ ಸಿಗದಿದ್ದರೆ ಗಿಗಾಬೈಟುಗಟ್ಟಲೆ ವಿಡಿಯೊ ಇದ್ದೂ ಪ್ಲೇಯರ್ ತೆರೆಯುವುದಿಲ್ಲ. ಅನ್‌ಟ್ರಂಕ್ ಎಂಬ ಉಚಿತ ಸಾಧನಕ್ಕೆ ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಚೆನ್ನಾಗಿರುವ ವಿಡಿಯೊ ಕೊಟ್ಟರೆ, ಅದನ್ನು ಮಾದರಿಯಾಗಿಟ್ಟುಕೊಂಡು ಕೆಟ್ಟದ್ದಕ್ಕೆ ಸೂಚಿಯನ್ನು ಹೊಸದಾಗಿ ಕಟ್ಟಲು ಯತ್ನಿಸುತ್ತದೆ. ಇನ್ನು ಮೇಲೆ ಕಾಪಿ ಮಾಡಿ, ಕಂಪ್ಯೂಟರಿನಲ್ಲಿ ಫೋಟೊಗಳನ್ನು ತೆರೆದು ನೋಡಿ, ಆಮೇಲಷ್ಟೇ ಕಾರ್ಡನ್ನು ಖಾಲಿ ಮಾಡಿ.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದ ಲಿನಕ್ಸ್ ಸರ್ವರ್ ಕರೆಂಟ್ ಹೋಗಿ ಬಂದ ಮೇಲೆ ಅರ್ಧಕ್ಕೆ ನಿಂತು, ಫೈಲ್ ಸಿಸ್ಟಂ ತಪಾಸಣೆಯ ಸಾಧನವಾದ ಎಫ್‌ಎಸ್‌ಸಿಕೆಯನ್ನು ಕೈಯಿಂದಲೇ ಓಡಿಸಿ ಎನ್ನುತ್ತಿದೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳೆಲ್ಲ ಅದರಲ್ಲಿವೆ. ಎಲ್ಲ ಪ್ರಶ್ನೆಗೂ 'ಹೌದು' ಎಂದು ಉತ್ತರಿಸಿ ಮುಗಿಸಬಹುದೇ? ಡಿಸ್ಕುಗಳು ರೇಡ್ 5ರಲ್ಲಿ (ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಜೋಡಿಸುವ ವ್ಯವಸ್ಥೆ) ಇವೆ. — ಪ್ರಯೋಗಾಲಯ ಸಹಾಯಕ, ಬೆಳಗಾವಿ

ಉತ್ತರ: ನಕಲಿಲ್ಲದೆ ಹಾಗೆ ಮಾಡಬೇಡಿ. ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ ಎಕ್ಸ್ಟ್4 ಫೈಲ್ ಸಿಸ್ಟಂಗೂ ದಿನಚರಿಯಿದೆ, ಸಾಧಾರಣ ಕಡಿತವಾದರೆ ಅದು ತಾನೇ ಹೊಂದಿಸಿಕೊಂಡು ಮುಂದೆ ಹೋಗುತ್ತದೆ. ಕೈಯಿಂದಲೇ ಓಡಿಸಿ ಎಂದು ಕೇಳುತ್ತಿದೆ ಎಂದರೆ, ತಾನಾಗಿ ತೀರ್ಮಾನಿಸುವುದು ಸುರಕ್ಷಿತವಲ್ಲ ಎನಿಸುವಂಥ ವ್ಯತ್ಯಾಸವನ್ನು ಅದು ಕಂಡಿದೆ. ಎಲ್ಲಕ್ಕೂ 'ಹೌದು' ಎಂದರೆ ಫೋಲ್ಡರಿನ ನಂಟು ಕಡಿದ ಫೈಲುಗಳು ಲಾಸ್ಟ್+ಫೌಂಡ್ ಎಂಬ ಫೋಲ್ಡರಿಗೆ ಹೆಸರಿಲ್ಲದೆ ಬರೀ ಸಂಖ್ಯೆಗಳಾಗಿ ಬಂದು ಬೀಳುತ್ತವೆ; ಕೆಲವು ಹೋಗಿಯೂ ಬಿಡಬಹುದು.

ರೇಡ್ ಇರುವುದರಿಂದ ನಿಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ಪ್ರತಿ ಡಿಸ್ಕನ್ನೂ ಬಿಚ್ಚುವ ಮುನ್ನ ಅದು ಯಾವ ಕಿಂಡಿಯಲ್ಲಿತ್ತು ಎಂದು ಚೀಟಿ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಡಿಡಿರೆಸ್ಕ್ಯೂನಿಂದ ನಕಲು ಮಾಡಿ, ಆ ನಕಲುಗಳಿಂದ ರೇಡನ್ನು ಜೋಡಿಸಿ. ಇರುವುದನ್ನು ಜೋಡಿಸುವ ಆಜ್ಞೆ ಬೇರೆ, ಹೊಸದಾಗಿ ಸೃಷ್ಟಿಸುವ ಆಜ್ಞೆ ಬೇರೆ. ಅವಸರದಲ್ಲಿ ಎರಡನೆಯದನ್ನು ಕೊಟ್ಟು, ಡಿಸ್ಕುಗಳ ಕ್ರಮವೂ ತಪ್ಪಿದರೆ, ಹಿನ್ನೆಲೆಯಲ್ಲಿ ಶುರುವಾಗುವ ಸಿಂಕ್ ಒಳ್ಳೆಯ ದತ್ತಾಂಶದ ಮೇಲೆ ತಪ್ಪು ಲೆಕ್ಕವನ್ನು ಬರೆಯುತ್ತ ಹೋಗುತ್ತದೆ. ರೇಡ್ 5ರಲ್ಲಿ ಬರೆಯುವ ನಡುವೆ ಕರೆಂಟ್ ಹೋದರೆ ದತ್ತಾಂಶ ಮತ್ತು ಅದರ ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದನ್ನು ಮರಳಿ ಕಟ್ಟಲು ಬರೆದಿಡುವ ಲೆಕ್ಕ) ತಾಳೆಯಾಗದೆ ಉಳಿಯುವ ಸಾಧ್ಯತೆ ಅದರ ರಚನೆಯಲ್ಲೇ ಇದೆ. ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಿರಲಿ ಎಂಬುದು ರೇಡಿನ ಉದ್ದೇಶ. ಅದನ್ನು ಬ್ಯಾಕಪ್ ಎಂದು ನೆಚ್ಚಿಕೊಳ್ಳುವ ಕಾಲೇಜುಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಆತಂಕವಾಗುತ್ತದೆ.

ಜೋಡಿಸಿದ ಮೇಲೆ, ದಿನಚರಿಯನ್ನು ಮುಟ್ಟದೆ ಓದುವುದಕ್ಕೆ ಮಾತ್ರ ಮೌಂಟ್ ಮಾಡುವ, ಅಂದರೆ ತೆರೆಯುವ, ಆಯ್ಕೆ ಎಕ್ಸ್ಟ್4ರಲ್ಲಿದೆ. ಮೊದಲು ಅದನ್ನು ಪ್ರಯತ್ನಿಸಿ. ತೆರೆದರೆ ಪ್ರಾಜೆಕ್ಟುಗಳನ್ನು ಹೊರಗೆ ಪ್ರತಿ ಮಾಡಿಕೊಂಡು, ಎಫ್‌ಎಸ್‌ಸಿಕೆ ಚಿಂತೆಯನ್ನು ಆಮೇಲೆ ಮಾಡಬಹುದು. ತೆರೆಯದೆ, ಫೈಲ್ ಸಿಸ್ಟಂನ ಮೂಲ ವಿವರಗಳಿರುವ ಸೂಪರ್‌ಬ್ಲಾಕ್ ಕೆಟ್ಟಿದೆ ಎಂದರೆ ಅದರ ಪ್ರತಿಗಳು ಬೇರೆ ಕಡೆ ಇವೆ. 4096 ಬೈಟಿನ ಬ್ಲಾಕುಗಳಿರುವ ಫೈಲ್ ಸಿಸ್ಟಂನಲ್ಲಿ ಮೊದಲ ಪ್ರತಿ 32768ನೆಯ ಬ್ಲಾಕಿನಲ್ಲಿ, ಮುಂದಿನದು 98304ರಲ್ಲಿ. ಆ ಸಂಖ್ಯೆಯನ್ನು ಕೊಟ್ಟು, ಮೊದಲು ಏನೂ ಬರೆಯದೆ ವರದಿ ಮಾತ್ರ ಕೊಡುವ ಆಯ್ಕೆಯಲ್ಲಿ ಎಫ್‌ಎಸ್‌ಸಿಕೆಯನ್ನು ಓಡಿಸಿ ನೋಡಿ. ದಿನಚರಿ ಇನ್ನೂ ಜಾರಿಯಾಗಿಲ್ಲದ ಕಾರಣ ಆ ವರದಿ ಇರುವುದಕ್ಕಿಂತ ಹೆಚ್ಚು ದೋಷಗಳನ್ನು ತೋರಿಸಬಹುದು, ಅದರಿಂದ ಎದೆಗುಂದಬೇಕಿಲ್ಲ.

ಪ್ರಶ್ನೆ: ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯವನ್ನು ನುಡಿಯಲ್ಲಿ ಟೈಪ್ ಮಾಡಿ ವರ್ಡಿನಲ್ಲಿ ಉಳಿಸುತ್ತಿದ್ದಾಗ ಕರೆಂಟ್ ಹೋಯಿತು. ಈಗ ಆ ಫೈಲು ತೆರೆಯುತ್ತಿಲ್ಲ. ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ ಇದೆ. ಹಳೆಯ ಪ್ರತಿಯಾದರೂ ಸಿಗಬಹುದೇ? — ಸಂಶೋಧನಾ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಎಸ್‌ಎಸ್‌ಡಿ ಆದ್ದರಿಂದ ತಡಮಾಡಬೇಡಿ. ಅಳಿಸಿದ ಫೈಲಿನ ಜಾಗವನ್ನು ವಿಂಡೋಸ್ ಟ್ರಿಮ್ ಎಂಬ ಸೂಚನೆಯ ಮೂಲಕ ಎಸ್‌ಎಸ್‌ಡಿಗೆ ಒಪ್ಪಿಸಿಬಿಡುತ್ತದೆ, ಅದು ಬಿಡುವಿನ ವೇಳೆಯಲ್ಲಿ ಆ ಜಾಗವನ್ನು ತೊಳೆದು ಖಾಲಿ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಬಹಳ ದಿನ ಉಳಿಯಬಹುದಾದ ಹಳೆಯ ಪ್ರತಿ ಇಲ್ಲಿ ಕೆಲವೇ ಹೊತ್ತಿನಲ್ಲಿ ಹೋಗಬಹುದು. ಹಾಗಾಗಿ ರಿಕವರಿ ಸಾಫ್ಟ್‌ವೇರಿಗಿಂತ ಮೊದಲು ವರ್ಡಿನ ಸ್ವಯಂಚಾಲಿತ ಪ್ರತಿಗಳನ್ನು ನೋಡಿ: ಫೈಲ್ ಮೆನುವಿನ ಇನ್ಫೊ ಪುಟದಲ್ಲಿ, ಉಳಿಸದ ದಾಖಲೆಗಳನ್ನು ಮರಳಿ ಪಡೆಯುವ ಆಯ್ಕೆ ಇದೆ. ಮಾರ್ಗದರ್ಶಕರಿಗೆ ಇಮೇಲ್ ಮಾಡಿದ ಪ್ರತಿ, ವಾಟ್ಸ್ಯಾಪಿನಲ್ಲಿ ಕಳಿಸಿದ್ದು, ಪ್ರಿಂಟಿಗೆಂದು ಡಿಟಿಪಿ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಒಯ್ದದ್ದು, ಇವನ್ನೂ ನೋಡಿ.

ಕೆಟ್ಟ ಫೈಲು ಡಾಕ್ಸ್ ಬಗೆಯದಾಗಿದ್ದು ಒಳಗೆ ಬರೀ ಸೊನ್ನೆಗಳಿಲ್ಲದಿದ್ದರೆ ಆಸೆಯಿದೆ. ಡಾಕ್ಸ್ ಫೈಲು ವಾಸ್ತವವಾಗಿ ಒಂದು ಜಿಪ್ ಕಟ್ಟು. ಅದರ ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ಜಿಪ್ ರಿಪೇರಿ ಸಾಧನದಿಂದ ಬಿಚ್ಚಿದರೆ, ವರ್ಡ್ ಎಂಬ ಫೋಲ್ಡರಿನಲ್ಲಿ ಡಾಕ್ಯುಮೆಂಟ್ ಎಂಬ ಹೆಸರಿನ ಎಕ್ಸ್‌ಎಂಎಲ್ ಫೈಲು ಇರುತ್ತದೆ. ನಿಮ್ಮ ಬರಹ ಇರುವುದು ಅದರಲ್ಲೇ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಫೈಲು ಕೆಟ್ಟಿದೆ ಎಂದು ಎಸೆಯಬೇಡಿ. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದ ಕನ್ನಡ ಹಾಗೆಯೇ ಕೂಡಿಟ್ಟಿರುತ್ತದೆ. ವರ್ಡಿಗೆ ತಂದು ನುಡಿ ಫಾಂಟ್ ಹಚ್ಚಿದರೆ ಅಕ್ಷರಗಳು ಮೂಡುತ್ತವೆ. ಮರಳಿ ಸಿಕ್ಕ ನೂರಾರು ಫೈಲುಗಳಲ್ಲಿ ನಿಮ್ಮದನ್ನು ಹುಡುಕುವಾಗಲೂ ಇದು ನೆನಪಿರಲಿ: ಯೂನಿಕೋಡಿನಲ್ಲಿ ಟೈಪಿಸಿದ ಪದವನ್ನು ಕೊಟ್ಟು ಹುಡುಕಿದರೆ ಆಸ್ಕಿ ಫಾಂಟಿನ ಒಂದು ಫೈಲೂ ಸಿಗುವುದಿಲ್ಲ, ಹುಡುಕುವ ಪದವನ್ನೂ ಅದೇ ಫಾಂಟಿನ ಕೀಲಿಮಣೆಯಿಂದ ಟೈಪಿಸಬೇಕು.

ಪ್ರಶ್ನೆ: ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದಾಗ ಫ್ಯಾನು ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಬೇರೆ ಯುಪಿಎಸ್ ಬೇಕೇ? — ಲೆಕ್ಕಪರಿಶೋಧಕರ ಕಚೇರಿ, ನವನಗರ, ಬಾಗಲಕೋಟೆ

ಉತ್ತರ: ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಹಿಡಿಯುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಪೂರ್ಣ ಹೊರೆಯಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳಬೇಕಾದದ್ದು ಸುಮಾರು 16 ಮಿಲಿಸೆಕೆಂಡು. ಅಗ್ಗದ, ಹಳೆಯ ಎಸ್‌ಎಂಪಿಎಸ್ ಅಷ್ಟೂ ತಡೆಯದು. ಇನ್ವರ್ಟರ್ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ, ಫ್ಯಾನು ವೇಗದಲ್ಲೇ ತಿರುಗುತ್ತಿರುವಾಗ ಕಂಪ್ಯೂಟರ್ ಬಂದಾಗುತ್ತದೆ. ಇನ್ವರ್ಟರಿನ ಹಿಂಬದಿ ಅಥವಾ ಮುಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಅದಕ್ಕೆ ಬದಲಿಸಿದರೆ ಹೊರಳುವ ಕಾಲ ಕಡಿಮೆಯಾಗುತ್ತದೆ. ಅದರಿಂದಲೂ ಆಗದಿದ್ದರೆ ಲೆಕ್ಕಪತ್ರಗಳಿರುವ ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಹಾಕಿಸಲೇಬೇಕು, ಅದೂ ಯುಎಸ್‌ಬಿ ಕೇಬಲ್ ಇರುವಂಥದ್ದನ್ನು. ಆ ಕೇಬಲ್ ಸೇರಿಸಿದರೆ ಬ್ಯಾಟರಿ ಇಳಿಯುತ್ತ ಬಂದಾಗ, ಕಚೇರಿಯಲ್ಲಿ ಯಾರಿಲ್ಲದಿದ್ದರೂ, ಕಂಪ್ಯೂಟರ್ ತಾನಾಗಿ ಸರಿಯಾದ ಕ್ರಮದಲ್ಲಿ ಬಂದಾಗುವಂತೆ ಹೊಂದಿಸಬಹುದು.

ಯುಪಿಎಸ್ ಕೊಂಡು ಮರೆತುಬಿಡುವಂಥದ್ದಲ್ಲ. ಅದರೊಳಗಿನ ಸೀಸದ ಬ್ಯಾಟರಿ ನಮ್ಮ ಬೇಸಿಗೆಯ ಸೆಕೆಯಲ್ಲಿ ಬೇಗ ಸೊರಗುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲ ಕೆಲಸ ಉಳಿಸಿ ಮುಚ್ಚಿದ ಮೇಲೆ, ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ನೋಡಿ, ಬ್ಯಾಟರಿಯ ಮೇಲೆಯೇ ತಾರೀಖಿನೊಂದಿಗೆ ಬರೆದಿಡಿ. ಕಂಪ್ಯೂಟರಿನ ವೇಗ ಹೆಚ್ಚುತ್ತದೆ ಎಂದು ಯಾರಾದರೂ ಡಿಸ್ಕಿನ ಪಾಲಿಸಿ ಪುಟದಲ್ಲಿ, ಕ್ಯಾಶ್ ಬಫರನ್ನು ಖಾಲಿ ಮಾಡುವುದನ್ನು ನಿಲ್ಲಿಸುವ ಗುರುತು ಹಾಕಿದ್ದರೆ ಇವತ್ತೇ ತೆಗೆಸಿ. ಆ ಗುರುತಿದ್ದಾಗ ಕರೆಂಟ್ ಹೋದರೆ ಫೈಲ್ ಸಿಸ್ಟಂನ ದಿನಚರಿಯನ್ನೂ ನೆಚ್ಚುವಂತಿಲ್ಲ. ಗಾಳಿಮಳೆಯಲ್ಲಿ ಹೋದ ಕರೆಂಟ್ ಬಂದೊಡನೆ ಸ್ಥಿರವಾಗಿರುವುದಿಲ್ಲ, ಎರಡು ಮೂರು ಸಲ ಹೋಗಿ ಬರುವುದೇ ಹೆಚ್ಚು. ಆದ್ದರಿಂದ ಬಂದ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು ಕಂಪ್ಯೂಟರ್ ಚಾಲೂ ಮಾಡಿ, ಮತ್ತು ಕರೆಂಟ್ ಬಂದಾಗ ಕಂಪ್ಯೂಟರ್ ತಾನಾಗಿ ಶುರುವಾಗುವ ಸೆಟ್ಟಿಂಗ್ ಬಯೋಸ್‌ನಲ್ಲಿ (ವಿಂಡೋಸಿಗೂ ಮೊದಲು ಓಡುವ ಮೂಲ ತಂತ್ರಾಂಶ) ಇದ್ದರೆ ಅದನ್ನು ಆಫ್ ಮಾಡಿಸಿ.